ಹಿತ್ತಲ ಬಿದಿರು, ಕಾನನದ ಬಿದಿರು: ಒಂದು ಚಾರಿತ್ರಿಕ ವಿವೇಚನೆ

೧

ನಮ್ಮ ನಾಡಿನ ಚರಿತ್ರೆಯನ್ನು ಬರೆದ ವಿದ್ವಾಂಸರು ಕಲ್ಲು, ತಾಮ್ರ, ತಾಳೆಗರಿ ಈ ಮೂರನ್ನು ಮುಖ್ಯ ಸಾಕ್ಷಿಗಳೆಂದು ಸ್ವೀಕರಿಸಿದ್ದಾರೆ. ಅದು ಸಹಜವೇ. ಈ ಮೂರೂ ಉಳಿಯುವ ವಸ್ತುಗಳು, ಉಳಿದುದರಿಂದಲೇ ಮಾತನಾಡುತ್ತವೆ. ಬಿದಿರು ಉಳಿಯುವುದಿಲ್ಲ. ಹತ್ತು ಮಳೆಗಾಲ ಕಳೆಯುವಷ್ಟರಲ್ಲಿ ತಡಿಕೆ ಮಣ್ಣಾಗುತ್ತದೆ, ಬುಟ್ಟಿಯನ್ನು ಹುಳು ತಿನ್ನುತ್ತದೆ, ಏಣಿ ಒಲೆ ಸೇರುತ್ತದೆ. ಆದುದರಿಂದ ಜನರ ಬಾಳಿನಲ್ಲಿ ತೊಟ್ಟಿಲಿನಿಂದ ಚಟ್ಟದವರೆಗೆ ಜೊತೆಗಿದ್ದ ಈ ವಸ್ತುವಿಗೆ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕಿರುವ ಸ್ಥಳ ಬಹು ಸ್ವಲ್ಪ.

ಪ್ರಕೃತ ಲೇಖನದಲ್ಲಿ ಬಿದಿರಿನ ಸಮಗ್ರ ಚರಿತ್ರೆಯನ್ನು ಹೇಳುವ ಉದ್ದೇಶವಿಲ್ಲ. ಮನೆಯ ಹಿತ್ತಲಿನಲ್ಲಿ ಒಂದು ಬಿದಿರ ಮೆಳೆಯನ್ನು ನೆಟ್ಟು ಸಾಕುವ ವಿದ್ಯೆ ಯಾರಲ್ಲಿತ್ತು, ಅದನ್ನು ಯಾರು ಅಲಕ್ಷಿಸಿದರು, ಅಲಕ್ಷಿಸಿದ್ದರ ಫಲವೇನಾಯಿತು ಎಂಬುದಿಷ್ಟೇ ಇಲ್ಲಿಯ ವಿಚಾರ. ವಿಷಯ ಸಣ್ಣದೆಂದು ತೋರಬಹುದು. ಆದರೆ ಸಾವಿರಾರು ಚದರ ಮೈಲಿಯ ಕಾಡನ್ನು ಆಳಿದ ಇಲಾಖೆಗೆ ತಿಳಿಯದೆ ಹೋದ ಸಂಗತಿ ಹಿತ್ತಲ ಒಡತಿಗೂ ಮೇದಾರನಿಗೂ ತಿಳಿದಿತ್ತು ಎಂದರೆ, ಆ ತಿಳಿವಳಿಕೆಯ ಚರಿತ್ರೆಯನ್ನು ಬರೆದಿಡುವುದು ಸಂಶೋಧನೆಯ ಕರ್ತವ್ಯವೇ ಸರಿ.

೨

ಮೊದಲು ಮಾತಿನ ಸಾಕ್ಷ್ಯವನ್ನು ನೋಡೋಣ. ಕನ್ನಡದ ಬಿದಿರು, ತೆಲುಗಿನ ವೆದುರು, ಹಳೆಯ ತಮಿಳಿನ ವೆದಿರ್ ಇವು ಒಂದೇ ಮೂಲದ ಮಾತುಗಳು. ತುಳುವರು ಮೂಡುಬಿದಿರೆಯನ್ನು ಬೆದ್ರ ಎಂದೇ ಕರೆಯುತ್ತಾರೆ. ಈ ಸಸ್ಯಕ್ಕೆ ಸಂಸ್ಕೃತದಿಂದ ಹೆಸರನ್ನು ಕಡ ತರುವ ಅಗತ್ಯ ದಕ್ಷಿಣದ ಜನಕ್ಕೆ ಬೀಳಲಿಲ್ಲ. ಹೆಸರಷ್ಟೇ ಅಲ್ಲ, ಬಿದಿರಿನ ಒಂದೊಂದು ಅವಸ್ಥೆಗೂ ನಮ್ಮಲ್ಲಿ ಬೇರೆ ಬೇರೆ ಮಾತುಗಳುಂಟು. ನೆಲದಿಂದ ಆಗ ತಾನೆ ಮೂಡಿದ ಮೊಳಕೆ ಕಳಲೆ, ಬಲಿತ ಕೋಲು ಗಳ, ಸೀಳಿದ್ದು ದಬ್ಬೆ, ಗಂಟು ಗೆಣ್ಣು, ಒಂದೇ ಬುಡದಿಂದೆದ್ದ ಗಳಗಳ ಕೂಟ ಮೆಳೆ, ಮಲೆನಾಡಿನ ಕೆಲವೆಡೆ ಹಿಂಡಿಲು, ಹೂ ಬಿಟ್ಟು ಉದುರಿದ ಕಾಳು ಬಿದಿರಕ್ಕಿ. ಒಂದು ವಸ್ತುವಿನ ಅವಸ್ಥೆಗಳನ್ನು ಇಷ್ಟು ವಿವರವಾಗಿ ಹೆಸರಿಸಿದ ಜನ ಅದನ್ನು ದಿನವೂ ಕಂಡು ಮುಟ್ಟಿ ಬಳಸಿದವರಾಗಿರಬೇಕು.

ಊರುಗಳ ಹೆಸರೂ ಇದನ್ನೇ ಸಾರುತ್ತವೆ. ಬಿದರಹಳ್ಳಿ, ಬಿದರಕೆರೆ ಮೊದಲಾದ ಹೆಸರಿನ ಗ್ರಾಮಗಳು ಕರ್ನಾಟಕದಲ್ಲಿ ಅನೇಕ. ಮೂಡುಬಿದಿರೆಗೆ ಸಂಸ್ಕೃತದಲ್ಲಿ ವೇಣುಪುರ, ವಂಶಪುರ ಎಂಬ ಹೆಸರುಗಳಿವೆ. ಬಿದಿರ ಮೆಳೆಯ ನಡುವೆ ಪಾರ್ಶ್ವನಾಥನ ಮೂರ್ತಿ ದೊರೆಯಿತೆಂದು ಅಲ್ಲಿಯ ಗುರುಬಸದಿಯ ಐತಿಹ್ಯ. ೧೭ನೆಯ ಶತಮಾನದಲ್ಲಿ ಕೆಳದಿಯ ಅರಸರ ರಾಜಧಾನಿಯಾದ ಬಿದನೂರಿಗೂ ವೇಣುಪುರವೆಂಬ ಹೆಸರಿತ್ತು; ೧೭೬೩ರಲ್ಲಿ ಹೈದರಾಲಿ ಅದನ್ನು ಗೆದ್ದ ಮೇಲೆ ಹೈದರನಗರವಾಗಿ, ಈಗ ನಗರವೆಂದು ಕರೆಯಿಸಿಕೊಳ್ಳುತ್ತಿದೆ. ನಮಗೆ ಹತ್ತಿರದ ಬೀದರಿನ ವಿಷಯದಲ್ಲಿ ಎರಡು ಮತಗಳಿವೆ. ವಿದುರನಗರವೇ ಬೀದರಾಯಿತೆಂಬುದು ಪೌರಾಣಿಕರ ಮತ. ಬಿದಿರಿನಿಂದ ಬಂತೆಂಬುದು ಇನ್ನೊಂದು. ದೇಶ್ಯ ಹೆಸರೊಂದನ್ನು ಮಹಾಭಾರತದ ಪಾತ್ರಕ್ಕೆ ಜೋಡಿಸಿ ಗೌರವ ತರುವುದು ನಮ್ಮ ಸ್ಥಳಪುರಾಣಗಳ ಸಾಮಾನ್ಯ ರೂಢಿಯಾದುದರಿಂದ ಎರಡನೆಯ ಮತವೇ ಹೆಚ್ಚು ಸಂಭಾವ್ಯವೆಂದು ನಮ್ಮ ಅಭಿಪ್ರಾಯ. ಹಾಗಾದರೆ ಹೈದರಾಬಾದಿನ ಮನೆಮನೆಗಳ ಷೋಕೇಸುಗಳಲ್ಲಿ ಕಪ್ಪಗೆ ಮಿರುಗುವ ಬಿದರಿ ಹೂಜಿಯ ಹೆಸರಿನಲ್ಲಿಯೂ ಒಂದು ಬಿದಿರ ಮೆಳೆ ಅಡಗಿದೆ ಎನ್ನಬೇಕಾಗುತ್ತದೆ.

ಸಂಸ್ಕೃತದಲ್ಲಿ ವಂಶವೆಂದರೆ ಬಿದಿರೂ ಹೌದು, ಕುಲಪರಂಪರೆಯೂ ಹೌದು. ಈ ಎರಡು ಅರ್ಥಗಳು ಕೂಡಿಬಂದುದು ಅಕಾರಣವಲ್ಲ. ಗೆಣ್ಣಿನ ಮೇಲೆ ಗೆಣ್ಣು ಬೆಳೆಯುವ ಗಳವೂ, ಒಂದೇ ಗಡ್ಡೆಯಿಂದ ವರುಷ ವರುಷಕ್ಕೆ ಹೊಸ ಪೀಳಿಗೆ ಏಳುವ ಮೆಳೆಯೂ ಈ ಹೋಲಿಕೆಗೆ ತಕ್ಕವೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುಪ್ಯಾಧ್ಯಕ್ಷನ ಅಧೀನದಲ್ಲಿರುವ ವನೋತ್ಪನ್ನಗಳ ಪೈಕಿ ವೇಣುವರ್ಗವೆಂದೇ ಪ್ರತ್ಯೇಕ ವಿಭಾಗವಿದೆ. ಬಿಂಬಿಸಾರನು ಬುದ್ಧನಿಗೆ ದಾನವಿತ್ತ ರಾಜಗೃಹದ ಉದ್ಯಾನ ವೇಳುವನ, ಅಂದರೆ ಬಿದಿರ ತೋಪು. ಹೀಗೆ ಬಿದಿರು ಒಂದು ಕಡೆ ಅರಸನ ಭಂಡಾರದ ಲೆಕ್ಕಕ್ಕೆ ಸೇರಿತು, ಇನ್ನೊಂದು ಕಡೆ ತಪಸ್ವಿಯ ನೆರಳಾಯಿತು. ಅದನ್ನು ಕಡಿದು ಸೀಳಿ ಹೆಣೆದು ಹೊಟ್ಟೆ ಹೊರೆದವನ ಮಾತು ಕೇಳಬೇಕಾದರೆ ೧೨ನೆಯ ಶತಮಾನದ ಶರಣರವರೆಗೆ ಬರಬೇಕು. ಗವರೇಶ್ವರ ಎಂಬ ಅಂಕಿತದಲ್ಲಿ ವಚನ ರಚಿಸಿದ ಮೇದಾರ ಕೇತಯ್ಯನು ತನ್ನ ಕಾಯಕದ ಹೆಸರನ್ನೇ ತನ್ನ ಹೆಸರಿನ ಮುಂದಿಟ್ಟುಕೊಂಡನು. ಆ ಶರಣರು ನೆರೆದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಬೀದರ್ ಜಿಲ್ಲೆಯಲ್ಲಿಯೇ ಇದೆ; ೧೯೫೬ರ ನವೆಂಬರ್ ೧ರವರೆಗೆ ಅದು ಹೈದರಾಬಾದ್ ಸಂಸ್ಥಾನದ ಹಾಗೂ ಮುಂದೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದುದನ್ನು ಈ ಊರಿನ ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ.

೩

ಉದ್ಯಾನ ಬೇರೆ, ಹಿತ್ತಲು ಬೇರೆ. ಉದ್ಯಾನ ಕಣ್ಣಿಗೆ, ಹಿತ್ತಲು ಕೈಗೆ. ನಾವು ವಾಸಿಸುವ ಸುಲ್ತಾನ್ ಬಜಾರಿನಲ್ಲಿ ಈ ಭೇದ ಚೆನ್ನಾಗಿ ಕಾಣುತ್ತದೆ. ೧೯ನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಮೂಸಿಯ ಉತ್ತರ ದಂಡೆಯಲ್ಲಿ ಕಟ್ಟಿಸಿದ ಕೋಠಿಯ ಸುತ್ತ ವಿಶಾಲವಾದ ತೋಟವಿತ್ತು. ಅದರ ಹೊರಗೆ ಬೆಳೆದ ಪೇಟೆಯೇ ರೆಸಿಡೆನ್ಸಿ ಬಜಾರ್. ೧೯೩೩ರಲ್ಲಿ ಅದು ನಿಜಾಮರ ಆಡಳಿತಕ್ಕೆ ಮರಳಿ ಸುಲ್ತಾನ್ ಬಜಾರ್ ಎಂಬ ಹೆಸರು ಪಡೆಯಿತು. ೧೯೪೯ರಿಂದ ಕೋಠಿಯ ಕಟ್ಟಡ ಹೆಣ್ಣುಮಕ್ಕಳ ವಿದ್ಯಾಲಯವಾಗಿದೆ. ಪೇಟೆಯ ಒಳಗೆ ೧೯೦೧ರಲ್ಲಿ ಸ್ಥಾಪಿತವಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಇಂದಿಗೂ ಇದೆ. ಕರ್ನಾಟಕದ ಅರಸನ ಹೆಸರಿನಲ್ಲಿ ತೆಲುಗರು ಕಟ್ಟಿದ ಆ ಗ್ರಂಥಾಲಯವನ್ನು ನಮ್ಮವರು ಅಭಿಮಾನದಿಂದಲೇ ಕಾಣುತ್ತಾರೆ. ೨೦೨೦ರಲ್ಲಿ ಬಜಾರಿನ ತಲೆಯ ಮೇಲೆ ಮೆಟ್ರೊ ರೈಲು ಓಡಲು ತೊಡಗಿತು. ಇಷ್ಟೆಲ್ಲ ಬದಲಾವಣೆಯ ನಡುವೆ ಇಲ್ಲಿಯ ಇಕ್ಕಟ್ಟಾದ ಓಣಿಗಳಲ್ಲಿ ಹಿತ್ತಲೆಂಬುದು ಉಳಿದಿಲ್ಲ.

ಹಿತ್ತಲು ಹೋದರೂ ಬಿದಿರಿನ ಅಗತ್ಯ ಹೋಗಿಲ್ಲ. ಭಾದ್ರಪದ ಹತ್ತಿರ ಬಂದೊಡನೆ ನಮ್ಮ ಮನೆಗಳಲ್ಲಿ ಗೌರಿಯ ಬಾಗಿನಕ್ಕೆ ಜೋಡಿ ಮೊರಗಳನ್ನು ಹುಡುಕುವ ಗಡಿಬಿಡಿ ಆರಂಭವಾಗುತ್ತದೆ. ಕನ್ನಡದ ಮೊರ ತೆಲುಗಿನ ಚೇಟ. ಹೆಸರು ಬೇರೆಯಾದರೂ ಹೆಣೆಯುವ ಕೈ ಒಂದೇ ಕಸುಬಿನದು, ನಮ್ಮ ಮೇದಾರರಂತೆ ಇಲ್ಲಿ ಮೇದರಿಗಳು. ಪ್ಲಾಸ್ಟಿಕ್ಕಿನ ಮೊರ ಅಗ್ಗಕ್ಕೆ ಸಿಕ್ಕರೂ ಬಾಗಿನಕ್ಕೆ ಅದನ್ನು ಕೊಡಲು ಯಾವ ಮುತ್ತೈದೆಯ ಮನಸ್ಸೂ ಒಪ್ಪುವುದಿಲ್ಲ. ಬೇಸಗೆಯಲ್ಲಿ ಕಿಟಕಿಗೆ ಕಟ್ಟುವ ಲಾವಂಚದ ತಟ್ಟಿಯ ಚೌಕಟ್ಟು, ಬಾಗಿಲ ಚಿಲ್ಮನ್, ಕಟ್ಟಡದ ಕೆಲಸದ ಅಟ್ಟಣೆ, ಮದುವೆಯ ಚಪ್ಪರ ಇವೆಲ್ಲವೂ ಬಿದಿರನ್ನು ಬೇಡುತ್ತವೆ. ಆದರೆ ಬೇಡಿಕೆಗೂ ಬೆಳೆಗೂ ನಡುವೆ ಈಗ ದೊಡ್ಡ ಅಂತರ ಬಿದ್ದಿದೆ. ಮೊರವನ್ನು ಕೊಳ್ಳುವವರಿಗೆ ಮೆಳೆಯ ಪರಿಚಯವಿಲ್ಲ. ಈ ಅಂತರ ಹೇಗೆ ಬಿತ್ತು ಎಂಬುದೇ ಮುಂದಿನ ವಿಚಾರ.

೪

ಉತ್ತರ ಕನ್ನಡ ಜಿಲ್ಲೆಯ ಸೂಪಾ ಸೀಮೆಯ ಕಾಡುಗಳಲ್ಲಿ ೧೮೬೪ರಲ್ಲಿ ಬಿದಿರು ಸಾಮೂಹಿಕವಾಗಿ ಹೂ ಬಿಟ್ಟಿತು. ಬಿದಿರಕ್ಕಿಯನ್ನು ಆಯಲು ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಸುಮಾರು ೫೦,೦೦೦ ಮಂದಿ ಬಂದರೆಂದು ಆ ಕಾಲದ ಅರಣ್ಯ ವರದಿಗಳು ಅಂದಾಜು ಮಾಡಿವೆ. ಒಂದೊಂದು ತಂಡ ಹತ್ತು ಹದಿನಾಲ್ಕು ದಿನ ಕಾಡಿನಲ್ಲಿಯೇ ಬೀಡುಬಿಟ್ಟು, ಮಳೆಗಾಲದ ಊಟಕ್ಕೆ ಸಾಲುವಷ್ಟನ್ನೂ ಮಾರಲು ಒಂದಿಷ್ಟನ್ನೂ ಕೂಡಿಸಿಕೊಂಡು ಹೋಯಿತು. ಬಯಲುಸೀಮೆಯ ಬಡವರಿಗೆ ಆ ಕಾಡು ಒಂದು ವರುಷದ ಕಣಜವಾಯಿತು.

ಬಿದಿರಿನ ಈ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹೆಬ್ಬಿದಿರು ತನ್ನ ಆಯುಷ್ಯದಲ್ಲಿ ಒಮ್ಮೆ ಮಾತ್ರ, ಮೂವತ್ತು ನಲವತ್ತು ವರುಷಗಳಿಗೊಮ್ಮೆ ಅಥವಾ ಇನ್ನೂ ತಡವಾಗಿ, ಹೂ ಬಿಡುತ್ತದೆ. ಕಾಳು ಉದುರಿಸಿ ಬುಡಸಮೇತ ಒಣಗುತ್ತದೆ. ಒಂದೇ ಬೀಜದ ಪೀಳಿಗೆಯ ಮೆಳೆಗಳೆಲ್ಲ ಸುಮಾರಾಗಿ ಒಂದೇ ಕಾಲಕ್ಕೆ ಹೂ ಬಿಡುತ್ತವೆ. ಕಾಳಿನ ಸಮೃದ್ಧಿಯಿಂದ ಇಲಿಗಳು ಹೆಚ್ಚಿ, ಕಾಳು ಮುಗಿದೊಡನೆ ಹೊಲಗಳಿಗೆ ನುಗ್ಗುತ್ತವೆ. ಬಿದಿರು ಹೂ ಬಿಟ್ಟರೆ ಬರವೆಂಬ ನಂಬಿಕೆ ಹುಟ್ಟಿದ್ದು ಹೀಗೆ. ಮನೆಯ ಬಳಿ ಬಿದಿರು ಕೂಡದೆಂಬ ಮಾತು ಹಲವೆಡೆ ಕೇಳಿಬರುವುದಕ್ಕೂ, ಬೆಳೆಸಿದವನ ಕಣ್ಣೆದುರಿಗೆ ಇಡೀ ಮೆಳೆ ಒಮ್ಮೆಗೆ ಸಾಯುವ ಆ ದೃಶ್ಯವೇ ಕಾರಣವಾಗಿದ್ದೀತು.

ಇನ್ನೊಂದು ಸಂಗತಿ ನಮ್ಮಂಥ ವಲಸೆಗಾರರಿಗೆ ವಿಶೇಷವಾಗಿ ತೋರತಕ್ಕದ್ದು. ತಾಯಿಮೆಳೆಯಿಂದ ಗಡ್ಡೆಸಹಿತ ಕಿತ್ತ ಮರಿಯನ್ನು ನೂರು ಹರದಾರಿ ಆಚೆ ನೆಟ್ಟರೂ ಅದು ಹೊಸ ಆಯುಷ್ಯವನ್ನು ಎಣಿಸುವುದಿಲ್ಲ. ತಾಯಿ ಹೂ ಬಿಡುವ ಕಾಲಕ್ಕೇ ಸಾಮಾನ್ಯವಾಗಿ ಮರಿಯೂ ಹೂ ಬಿಡುತ್ತದೆ. ನೆಲ ಬದಲಾದರೂ ಅದರ ಪಂಚಾಂಗ ಬದಲಾಗುವುದಿಲ್ಲ.

೫

ಜನರಿಗೆ ಕಣಜವಾಗಿದ್ದ ಬಿದಿರು ಬ್ರಿಟಿಷ್ ಅರಣ್ಯಾಧಿಕಾರಿಗಳ ಕಣ್ಣಿಗೆ ಕಳೆಯಾಗಿ ಕಂಡಿತು. ಅವರಿಗೆ ಬೇಕಾದುದು ಹಡಗಿಗೂ ರೈಲುಹಳಿಗೂ ಒದಗುವ ತೇಗ. ತೇಗದ ಸಸಿಯನ್ನು ಮುಚ್ಚಿಬಿಡುವ ಬಿದಿರನ್ನು ಕಡಿದು ತೆಗೆಯಬೇಕೆಂಬುದು ಬಹುಕಾಲ ಅವರ ನೀತಿಯಾಗಿತ್ತು. ೨೦ನೆಯ ಶತಮಾನದ ಮೊದಲ ದಶಕಗಳಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಬಿದಿರಿನ ತಿರುಳಿನಿಂದ ಕಾಗದ ಮಾಡುವ ಪ್ರಯೋಗಗಳು ಕೈಗೂಡಿದವು. ೧೯೨೫ರಲ್ಲಿ ಬಿದಿರು ಕಾಗದ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಡುವ ಕಾಯಿದೆ ಬಂತು. ಕಳೆ ಒಮ್ಮೆಗೆ ಕಚ್ಚಾಮಾಲಾಯಿತು. ಮೈಸೂರು ಸಂಸ್ಥಾನದ ಭದ್ರಾವತಿಯಲ್ಲಿ ೧೯೩೬ರಲ್ಲಿಯೂ, ಹೈದರಾಬಾದ್ ಸಂಸ್ಥಾನದ ಸಿರ್ಪುರದಲ್ಲಿ ೧೯೩೮ರಲ್ಲಿಯೂ ಕಾಗದದ ಕಾರ್ಖಾನೆಗಳು ಸ್ಥಾಪಿತವಾದವು. ಸಿರ್ಪುರದ ಕಾರ್ಖಾನೆಯ ಸುತ್ತ ಎದ್ದ ಊರಿಗೆ ಕಾಗಜ್‌ನಗರವೆಂದೇ ಹೆಸರಾಯಿತು. ಆದಿಲಾಬಾದಿನ ಕಾಡುಗಳ ಬಿದಿರು ಅಲ್ಲಿಗೆ ಹರಿಯಿತು. ಸ್ವಾತಂತ್ರ್ಯ ಬಂದ ಮೇಲೆ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ೧೯೫೫ರಲ್ಲಿ ನೋಂದಣಿಯಾಗಿ ಆ ದಶಕ ಮುಗಿಯುವಷ್ಟರಲ್ಲಿ ಕಾಗದ ಮಾಡತೊಡಗಿತು. ದಾಂಡೇಲಿ ಇರುವುದು, ೧೮೬೪ರಲ್ಲಿ ಐವತ್ತು ಸಾವಿರ ಮಂದಿ ಬಿದಿರಕ್ಕಿ ಆಯ್ದ ಆ ಸೂಪಾ ಕಾಡುಗಳ ಅಂಚಿನಲ್ಲಿಯೇ.

ಈ ಕಾರ್ಖಾನೆಗೆ ಸರಕಾರ ಆರಂಭದಲ್ಲಿ ಟನ್ನು ಬಿದಿರನ್ನು ಒಂದೂವರೆ ರೂಪಾಯಿಗೆ ಕೊಟ್ಟಿತೆಂದು ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಮೇದಾರರು ಪೇಟೆಯಲ್ಲಿ ಬಿದಿರಿಗೆ ತೆರುತ್ತಿದ್ದ ಬೆಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಲೆಕ್ಕಪತ್ರದ ಉದ್ಯೋಗದಲ್ಲಿರುವವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚ್ಚಾಮಾಲಿನ ಬೆಲೆ ಶೂನ್ಯಕ್ಕೆ ಸಮೀಪವಾದಾಗ ಅದನ್ನು ಉಳಿಸಿ ಬೆಳೆಸುವ ಖರ್ಚು ಯಾರಿಗೂ ಬೇಡವಾಗುತ್ತದೆ. ಒಂದು ಕಾಡು ಮುಗಿದರೆ ಮುಂದಿನ ಕಾಡಿಗೆ ಹೋಗುವುದೇ ಲಾಭವಾಗುತ್ತದೆ. ಸಾಲಗಾರನಿಗೆ ಅಸಲನ್ನೇ ಮರೆಯುವಷ್ಟು ಅಗ್ಗದ ಸಾಲ ಸಿಕ್ಕಂತೆ.

೧೯೭೦ರ ದಶಕದಲ್ಲಿ ಬುಟ್ಟಿ ಹೆಣೆಯುವವರಿಗೆ ಬಿದಿರು ಸಿಕ್ಕದಾಯಿತು. ಕಾರ್ಖಾನೆಗಳು ಕಾಡನ್ನು ಬರಿದು ಮಾಡುತ್ತಿವೆಯೆಂದು ಅವರು ದೂರಿದರು. ಹಳ್ಳಿಗರ ದನ, ಹಳ್ಳಿಗರ ಕತ್ತಿ ಇವೇ ಕಾರಣವೆಂದು ಎದುರು ಪಕ್ಷ ಹೇಳಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಾಡ್ಗೀಳರೂ ಅವರ ಸಹೋದ್ಯೋಗಿ ನರೇಂದ್ರ ಪ್ರಸಾದರೂ ಕಾಡಿಗೆ ಹೋಗಿ ಮೆಳೆಗಳನ್ನು ಎಣಿಸಿ, ಅಳೆದು, ವರುಷ ವರುಷ ಗಮನಿಸಿದರು. ಅವರು ಕಂಡುಕೊಂಡ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು.

ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ಸುತ್ತಲೂ ಬೇಲಿಯಂತಿರುತ್ತವೆ. ಗಳವನ್ನು ನೆಲಕ್ಕೆ ಸಮೀಪವಾಗಿ ಕಡಿಯಲು ಈ ಮುಳ್ಳು ಅಡ್ಡಿ. ಮೆಳೆಯ ದಟ್ಟಣೆ ಕಡಮೆಯಾದರೆ ಬೆಳವಣಿಗೆಗೆ ಒಳ್ಳೆಯದೆಂದು ಅರಣ್ಯ ಇಲಾಖೆ ಭಾವಿಸಿತ್ತು. ಗುತ್ತಿಗೆಯ ಕೂಲಿಗಳು ಮುಳ್ಳನ್ನು ಸವರಿ ಬುಡವನ್ನು ಚೊಕ್ಕಟಮಾಡಿದರು. ಮುಂದಿನ ಮಳೆಗೆ ಎದ್ದ ಎಳೆಯ ಕಳಲೆಗೆ ರಕ್ಷೆಯಿಲ್ಲದೆ ಹೋಯಿತು. ದನ, ಮುಸುವ, ಮುಳ್ಳುಹಂದಿ, ಕಾಡುಹಂದಿ ಅದನ್ನು ತಿಂದು ಮುಗಿಸಿದವು. ಹೊಸ ಪೀಳಿಗೆ ಏಳದೆ ಮೆಳೆ ಕ್ಷೀಣಿಸಿತು. ಹಳ್ಳಿಯವರಾದರೋ ಗಳವನ್ನು ಮುಳ್ಳಿನ ಹೊದರಿನ ಮೇಲ್ಗಡೆಯಲ್ಲಿ ಕಡಿದು, ಬುಡದ ಮುಳ್ಳನ್ನು ಹಾಗೆಯೇ ಬಿಡುತ್ತಿದ್ದರು. ಕೆಳಗಿನ ನಾಲ್ಕಾರು ಅಡಿ ಬಿದಿರು ದಂಡವಾಯಿತೆಂದು ಇಲಾಖೆಯವರಿಗೆ ಕಾಣುತ್ತಿದ್ದುದು ನಿಜವಾಗಿ ಮುಂದಿನ ಪೀಳಿಗೆಯ ಕಾವಲು. ಅದು ಯಾಕೆ ಬೇಕೆಂದು ಕೇಳಿದವರಿಗೆ ಹಳ್ಳಿಗರು ಹೇಳಬಲ್ಲವರಾಗಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಈ ಪ್ರಕರಣದಿಂದ ಹಳ್ಳಿಗರು ಸದಾ ಸರಿ, ಇಲಾಖೆ ಸದಾ ತಪ್ಪು ಎಂದು ತೀರ್ಮಾನಿಸುವುದು ಸಲ್ಲದು. ಊರಿಗೆ ಸಮೀಪದ ಕಾಡುಗಳಲ್ಲಿ ಜನರ ಮತ್ತು ದನಗಳ ಒತ್ತಡವೂ ಇದ್ದೇ ಇತ್ತು. ಆದರೆ ಮೆಳೆಯನ್ನು ಸಾಕುವ ಮೂಲತತ್ವ ಒಂದು ಕಡೆ ಇತ್ತು, ಮೆಳೆಯನ್ನು ಕಡಿಯುವ ಅಧಿಕಾರ ಇನ್ನೊಂದು ಕಡೆ ಇತ್ತು. ಎರಡೂ ಕೂಡಲಿಲ್ಲ ಎಂಬುದರಲ್ಲಿ ಸಂದೇಹವಿಲ್ಲ.

೬

ಇಷ್ಟಾದರೂ ಜನ ತಮ್ಮ ಸ್ವಂತ ನೆಲದಲ್ಲಿ ಬಿದಿರನ್ನು ಹೆಚ್ಚಾಗಿ ಏಕೆ ಬೆಳೆಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಉತ್ತರದ ಒಂದು ಭಾಗ ಕಾನೂನಿನಲ್ಲಿದೆ. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿ. ಭತ್ತ, ಜೋಳ, ಕಬ್ಬುಗಳ ಬಂಧು. ಆದರೆ ೧೯೨೭ರ ಭಾರತೀಯ ಅರಣ್ಯ ಕಾಯಿದೆ ಅದನ್ನು ಮರಗಳ ಪಟ್ಟಿಗೆ ಸೇರಿಸಿತು. ಅದರಿಂದಾಗಿ ರೈತನು ತಾನೇ ಬೆಳೆಸಿದ ಬಿದಿರನ್ನು ಸಾಗಿಸಲು ಸಹ ಹಲವೆಡೆ ರಹದಾರಿ ಬೇಡಬೇಕಾಯಿತು. ತನ್ನ ಹಿತ್ತಲ ಗಳವನ್ನು ಪೇಟೆಗೆ ಒಯ್ಯಲು ಅನುಮತಿ ಬೇಕೆಂದಾದಾಗ ಯಾರು ತಾನೆ ನೆಟ್ಟಾರು?

೨೦೦೬ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯೋತ್ಪನ್ನವೆಂದು ಗಣಿಸಿತು. ಅದರ ಫಲವಾಗಿ ೨೦೧೧ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಎಂಬ ಗೊಂಡರ ಹಳ್ಳಿಯ ಗ್ರಾಮಸಭೆಗೆ ಬಿದಿರ ರಹದಾರಿಯನ್ನು ತಾನೇ ಕೊಡುವ ಅಧಿಕಾರ ದೊರೆಯಿತು. ೨೦೧೭ರ ನವೆಂಬರಿನಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆಯಿಂದಲೂ, ೨೦೧೮ರ ಆರಂಭದಲ್ಲಿ ತಿದ್ದುಪಡಿ ಕಾಯಿದೆಯಿಂದಲೂ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದುಹಾಕಿತು. ಹುಲ್ಲು ಮರಳಿ ಹುಲ್ಲಾಗಲು ತೊಂಬತ್ತು ವರುಷ ಹಿಡಿಯಿತು. ರಾಜ್ಯಗಳಿಗೆ ತಮ್ಮದೇ ಅರಣ್ಯ ಕಾಯಿದೆಗಳಿರುವುದರಿಂದ ಸಾಗಾಣಿಕೆಯ ಉದ್ದೇಶವುಳ್ಳವರು ಆಯಾ ರಾಜ್ಯದ ನಿಯಮವನ್ನು ವಿಚಾರಿಸಿಕೊಳ್ಳುವುದು ಲೇಸು. ಮನೆಯ ಬಳಕೆಗೆ ಒಂದೆರಡು ಮೆಳೆ ಬೆಳೆಸುವವರಿಗೆ ಈ ಚಿಂತೆ ಇಲ್ಲ.

೭

ಇನ್ನು ಸಾಕುವ ಕ್ರಮ. ದಕ್ಷಿಣ ಭಾರತದ ದೇಶೀ ಬಿದಿರುಗಳೆಲ್ಲ ಮೆಳೆಗಟ್ಟುವ ಜಾತಿಯವು. ಚೀನ, ಜಪಾನುಗಳ ಕೆಲವು ಜಾತಿಗಳಂತೆ ನೆಲದೊಳಗೆ ಬಹುದೂರ ಹರಿದು ನೆರೆಯವನ ಅಂಗಳದಲ್ಲಿ ತಲೆಯೆತ್ತುವ ಸ್ವಭಾವ ಇವಕ್ಕಿಲ್ಲ. ಗಡ್ಡೆ ಗಿಡ್ಡಾಗಿ ದಪ್ಪವಾಗಿರುತ್ತದೆ. ಹೊಸ ಕಳಲೆ ಹಳೆಯದರ ಪಕ್ಕದಲ್ಲಿಯೇ ಏಳುತ್ತದೆ. ಮೆಳೆ ನಿಧಾನವಾಗಿ ಹೊರಗಡೆಗೆ ಅಗಲವಾಗುತ್ತದೆಯೇ ಹೊರತು ಓಡುವುದಿಲ್ಲ. ಆದುದರಿಂದ ಮನೆಯ ಗೋಡೆ, ನೀರಿನ ತೊಟ್ಟಿಗಳಿಂದ ಹದಿನೈದು ಅಡಿಯಾದರೂ ದೂರದಲ್ಲಿ ನೆಟ್ಟರೆ ಭಯವಿಲ್ಲ.

ಜಾತಿಯ ಆಯ್ಕೆ ಮುಖ್ಯ. ಹೆಬ್ಬಿದಿರಿಗೆ ಮುಳ್ಳೂ ಗಾತ್ರವೂ ಹೆಚ್ಚು. ಹೊಲದ ಬೇಲಿಗೆ ಸರಿ, ಮನೆಯಂಗಳಕ್ಕೆ ಸಲ್ಲದು. ದಖ್ಖನಿನ ಒಣಹವೆಗೆ ಹೊಂದುವುದು ಕಿರುಬಿದಿರು, ಶಾಸ್ತ್ರದ ಹೆಸರಿನಲ್ಲಿ ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್. ಇದು ಆದಿಲಾಬಾದ್ ಕಡೆಯ ಕಾಡುಗಳಲ್ಲಿ ತಾನಾಗಿ ಬೆಳೆಯುತ್ತದೆ. ಗಳ ಒಳಗೆ ಬಹುಮಟ್ಟಿಗೆ ಗಟ್ಟಿ, ಲಾಠಿಗೆ ಪ್ರಸಿದ್ಧ. ಕರಾವಳಿ ಮತ್ತು ಉತ್ತರ ಕನ್ನಡದ ಮನೆಗಳ ಸುತ್ತ ಬೆಳೆಸುವ ಮರಿಹಾಳ್ ಬಿದಿರು ಮುಳ್ಳಿಲ್ಲದ, ನೆಟ್ಟಗೆ ಏಳುವ, ಕೈಗೆ ಹದವಾದ ಜಾತಿ. ಅದು ಬೀಜ ಕಟ್ಟುವುದು ಅಪರೂಪವಾದುದರಿಂದ ಒಬ್ಬರ ಹಿತ್ತಲಿನಿಂದ ಇನ್ನೊಬ್ಬರ ಹಿತ್ತಲಿಗೆ ಮರಿಯಾಗಿಯೇ ಸಾಗಿಬಂದಿದೆ. ಜನ ಕೈಬಿಟ್ಟರೆ ಅದಕ್ಕೆ ಬೇರೆ ಗತಿಯಿಲ್ಲ.

ನೆಡಲು ಒಂದು ಇಲ್ಲವೆ ಎರಡು ವರುಷದ ಗಳವನ್ನು ಬುಡದ ಗಡ್ಡೆ ಮತ್ತು ಬೇರಿನೊಡನೆ ಅಗೆದು, ಮೇಲೆ ಮೂರು ನಾಲ್ಕು ಗೆಣ್ಣು ಬಿಟ್ಟು ತುದಿ ಕತ್ತರಿಸಬೇಕು. ಗಡ್ಡೆಯ ಕಣ್ಣುಗಳಿಗೆ ಪೆಟ್ಟಾಗಬಾರದು. ಮುಂದಿನ ವಂಶವೆಲ್ಲ ಆ ಕಣ್ಣುಗಳಲ್ಲಿದೆ. ಎರಡಡಿ ಉದ್ದಗಲ, ಎರಡಡಿ ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರಸಿದ ಮಣ್ಣು ತುಂಬಿ, ಮೃಗಶಿರ ಆರ್ದ್ರಾ ಮಳೆಗಳ ಹೊತ್ತಿಗೆ ನೆಡುವುದು ವಾಡಿಕೆ. ಹೈದರಾಬಾದಿನ ಕೆಂಪು ಮೊರಮ್ಮಿನಲ್ಲಿ ನೀರು ನಿಲ್ಲದು, ಅದು ಒಳ್ಳೆಯದೇ. ಆದರೆ ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೆ ಎರಡು ಸಾರಿಯಾದರೂ ನೀರುಣಿಸಬೇಕು. ಎರೆಮಣ್ಣಿನಲ್ಲಿ ನೀರು ನಿಂತು ಗಡ್ಡೆ ಕೊಳೆಯದಂತೆ ಏರು ಮಾಡಿ ನೆಡಬೇಕು. ಉದುರಿದ ಎಲೆಯನ್ನು ಗುಡಿಸಿ ಸುಡುವುದು ದೊಡ್ಡ ತಪ್ಪು. ಅದು ಬುಡದಲ್ಲಿಯೇ ಬಿದ್ದು ಕೊಳೆತರೆ ತೇವವೂ ಉಳಿಯುತ್ತದೆ, ಮಣ್ಣಿನಿಂದ ಎಳೆದ ಸಾರವೂ ಮಣ್ಣಿಗೆ ಹಿಂದಿರುಗುತ್ತದೆ.

ಕಳಲೆ ಮಳೆಗಾಲದಲ್ಲಿ ಎದ್ದು ಎರಡು ಮೂರು ತಿಂಗಳಲ್ಲಿಯೇ ಪೂರ್ಣ ಎತ್ತರ ಮುಟ್ಟುತ್ತದೆ. ಆಮೇಲೆ ಅದು ಎತ್ತರವಾಗದು, ದಪ್ಪವೂ ಆಗದು, ಗಟ್ಟಿಯಾಗುವುದು ಮಾತ್ರ. ಹಾಗೆ ಬಲಿಯಲು ಮೂರು ವರುಷ ಬೇಕು. ಆದುದರಿಂದ ಮೊದಲನೆಯ ನಿಯಮ, ಮೂರು ವರುಷ ತುಂಬದ ಗಳವನ್ನು ಕಡಿಯಬಾರದು. ಹೊಸ ಕಳಲೆಗೆ ಆಹಾರ ಒದಗಿಸುವುದು ಹಿಂದಿನ ಒಂದೆರಡು ವರುಷದ ಗಳಗಳೇ. ಎರಡನೆಯದು, ಮಳೆಗಾಲದಲ್ಲಿ ಕತ್ತಿ ಮುಟ್ಟಬಾರದು. ಕಡಿತಕ್ಕೆ ಕಾರ್ತಿಕದಿಂದ ಮಾಘದವರೆಗಿನ ಕಾಲ ಒಳ್ಳೆಯದು. ಮೂರನೆಯದು, ನೆಲದಿಂದ ಒಂದು ಇಲ್ಲವೆ ಎರಡನೆಯ ಗೆಣ್ಣಿನ ಮೇಲೆ, ನೀರು ನಿಲ್ಲದಂತೆ ಕಡಿಯಬೇಕು. ಮುಳ್ಳುಬಿದಿರಾದರೆ ಹೊದರಿನ ಮೇಲೆಯೇ. ನಾಲ್ಕನೆಯದು, ಹೊರಸುತ್ತಿನ ಎಳೆಯವನ್ನು ಬಿಟ್ಟು, ಮೆಳೆಯ ಒಂದು ಪಕ್ಕದಲ್ಲಿ ದಾರಿ ಮಾಡಿಕೊಂಡು, ನಡುವ‌ಣ ಹಳೆಯ ಗಳಗಳನ್ನು ತೆಗೆಯಬೇಕು. ಆಗ ಮೆಳೆ ಕುದುರೆಯ ಲಾಳದ ಆಕಾರ ತಾಳುತ್ತದೆ; ಗಾಳಿ ಬೆಳಕು ಒಳಗೆ ಸುಳಿಯುತ್ತವೆ. ಐದನೆಯದು, ಎಂದಿಗೂ ಮೆಳೆಯನ್ನು ಪೂರ್ತಿ ಕಡಿಯಬಾರದು.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಮೆಳೆಯ ಅಸಲು ಮಣ್ಣಿನೊಳಗಿನ ಗಡ್ಡೆ ಮತ್ತು ಎಳೆಯ ಗಳಗಳು. ಬಲಿತ ಗಳ ಮಾತ್ರ ಬಡ್ಡಿ. ಬಡ್ಡಿಯನ್ನು ತೆಗೆಯದೆ ಬಿಟ್ಟರೂ ಮೆಳೆ ಒಳಗೊಳಗೇ ಉಸಿರುಕಟ್ಟುತ್ತದೆ. ಅಸಲಿಗೆ ಕೈಯಿಟ್ಟರೆ ಖಾತೆಯೇ ಮುಚ್ಚುತ್ತದೆ. ದಾಂಡೇಲಿಯ ಕಾಡುಗಳಲ್ಲಿ ಆದುದು ಎರಡನೆಯದು.

ಮಳೆಗಾಲದ ಕೊನೆಗೆ ಮೂಡಿದ ಕಳಲೆ ಅನೇಕ ವೇಳೆ ಬಲಿಯದೆ ಒಣಗುವುದರಿಂದ ಅಂಥವನ್ನು ಅಡಿಗೆಗೆ ತೆಗೆಯಬಹುದು. ಹಸಿಯ ಕಳಲೆಯಲ್ಲಿ ವಿಷಾಂಶವುಂಟು. ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಬೇಯಿಸಿ ಬಳಸುವ ಮಲೆನಾಡಿನ ಕ್ರಮ ಅದನ್ನು ಕಳೆಯುತ್ತದೆ. ಕೊಡಗಿನ ಬೈಂಬಳೆ, ತುಳುನಾಡಿನ ಕಣಿಲೆ, ಮಲೆನಾಡಿನ ಕಳಲೆ ಪಲ್ಯ ಇವುಗಳ ರುಚಿ ಬಲ್ಲವರಿಗೆ ಇದು ಹೊಸದಲ್ಲ. ಕಡಿದ ಗಳವನ್ನು ಕೆಲವು ವಾರ ಕೆರೆಯಲ್ಲಿ ಮುಳುಗಿಸಿಡುವುದೂ ಹಳೆಯ ಪದ್ಧತಿ. ಗಳದೊಳಗಿನ ಪಿಷ್ಟ ಕರಗಿ ಹೋಗುವುದರಿಂದ ಕೊರೆಯುವ ಹುಳು ಬೀಳುವುದು ಕಡಮೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಬೀಳದೆಂಬ ಮೇದಾರರ ನಂಬಿಕೆಯನ್ನು ಪಿಷ್ಟದ ಏರಿಳಿತದ ದೃಷ್ಟಿಯಿಂದ ಪರೀಕ್ಷಿಸುವುದು ಯೋಗ್ಯ, ನಗುವುದು ಯೋಗ್ಯವಲ್ಲ.

೮

ಹಿತ್ತಲೇ ಇಲ್ಲದ ಸುಲ್ತಾನ್ ಬಜಾರಿನವರಿಗೆ ಈ ಉಪದೇಶವೆಲ್ಲ ಏತಕ್ಕೆ ಎಂದು ವಾಚಕರು ಕೇಳಬಹುದು. ಕಿರುಜಾತಿಯ ಬಿದಿರನ್ನು ದೊಡ್ಡ ಪೀಪಾಯಿಯಲ್ಲಿ ಮಾಳಿಗೆಯ ಮೇಲೆ ಬೆಳೆಸುವುದು ಸಾಧ್ಯ. ಗಡ್ಡೆ ಪೀಪಾಯಿ ತುಂಬಿದಾಗ, ಎರಡು ಮೂರು ವರುಷಕ್ಕೊಮ್ಮೆ, ಅದನ್ನು ಹೊರತೆಗೆದು ಪಾಲುಮಾಡಿ, ಒಂದು ಪಾಲನ್ನು ಉಳಿಸಿಕೊಂಡು ಉಳಿದುದನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ. ಹೀಗೆ ಕೊಡುವುದು ಇಲ್ಲಿ ಔದಾರ್ಯವಲ್ಲ, ಕೃಷಿಯ ಅವಶ್ಯಕತೆ. ನಗರದ ಹೊರವಲಯಗಳಲ್ಲಿ ನಿವೇಶನ ಮಾಡಿಕೊಂಡ ನಮ್ಮವರೂ ಈಗ ಕಡಮೆಯಿಲ್ಲ. ಅವರಿಗೆ ನೆಲವುಂಟು.

ಸಂಘ ಸಂಸ್ಥೆಗಳು ಮಾಡಬಹುದಾದ ಕೆಲಸ ಎರಡು. ಒಂದು, ಅಂಗಳವಿರುವ ಕಡೆ ಒಂದು ತಾಯಿಮೆಳೆಯನ್ನು ನೆಟ್ಟು, ಮರಿ ಎಲ್ಲಿಂದ ಬಂತು, ತಾಯಿಮೆಳೆಯ ವಯಸ್ಸೆಷ್ಟು ಎಂಬುದನ್ನು ದಫ್ತರಿನಲ್ಲಿ ಬರೆದಿಡುವುದು. ಮೆಳೆಯ ಆಯುಷ್ಯ ಮನುಷ್ಯನ ಸೇವಾವಧಿಗಿಂತ ದೊಡ್ಡದು. ನೆಟ್ಟವರು ಹೂವನ್ನು ಕಾಣದೆ ಹೋಗಬಹುದು. ಬರೆದಿಡದಿದ್ದರೆ, ಮುಂದೊಂದು ದಿನ ಮೆಳೆ ಒಮ್ಮೆಗೆ ಒಣಗಿದಾಗ ಅಂದಿನವರು ಅದನ್ನು ಅಪಶಕುನವೆಂದೋ ರೋಗವೆಂದೋ ತಿಳಿದಾರು. ಕಾಲ ತಿಳಿದಿದ್ದರೆ ಉದುರಿದ ಕಾಳನ್ನು ಆಯ್ದು ಮತ್ತೆ ಬಿತ್ತುವ ಸಿದ್ಧತೆ ಮಾಡಿಕೊಂಡಾರು.

ಎರಡನೆಯದು ಮಾತಿನ ಸಂಗ್ರಹ. ದಬ್ಬೆ, ಸಿಬಿರು, ತಡಿಕೆ, ಗೆರಸೆ, ಕುಕ್ಕೆ, ಜಲ್ಲೆ ಇಂಥ ನೂರಾರು ಮಾತುಗಳು ಮೇದಾರರ ನಾಲಗೆಯಲ್ಲಿವೆ. ಬೀದರ್, ಕಲಬುರಗಿ, ರಾಯಚೂರುಗಳ ಮೇದಾರರೂ ಹೈದರಾಬಾದಿನ ಮೇದರಿಗಳೂ ಬಳಸುವ ಕಸುಬಿನ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕನ್ನಡ ತೆಲುಗುಗಳ ಸಂಬಂಧದ ಮೇಲೆ ಶಾಸನಗಳಿಂದ ಬೀಳದ ಬೆಳಕು ಬೀಳಬಹುದು. ಎರಡು ಭಾಷೆಯ ನಡುವೆ ಬಾಳುವ ನಾವು ಈ ಕೆಲಸಕ್ಕೆ ಊರಿನಲ್ಲಿರುವವರಿಗಿಂತ ಹೆಚ್ಚು ಅನುಕೂಲವಾದ ಸ್ಥಾನದಲ್ಲಿದ್ದೇವೆ.

ಸೂಪಾದ ಕಾಡಿನ ಕಥೆಯಿಂದ ತಿಳಿಯತಕ್ಕ ನೀತಿ ಇಷ್ಟೆ: ಸಾಕುವವನ ತಿಳಿವಳಿಕೆಯನ್ನು ಕೇಳದೆ ಕಡಿಯುವವನು ಲೆಕ್ಕ ಬರೆದರೆ ಆ ಲೆಕ್ಕದಲ್ಲಿ ಮುಳ್ಳು ಕಸವೆಂದೂ ಬುಡ ದಂಡವೆಂದೂ ದಾಖಲಾಗುತ್ತದೆ. ಆ ತಿಳಿವಳಿಕೆ ಈಗಲೂ ಅಲ್ಲಲ್ಲಿ ಹಿತ್ತಲುಗಳಲ್ಲಿಯೂ ಮೇದಾರಗೇರಿಗಳಲ್ಲಿಯೂ ಉಳಿದಿದೆ. ಅದು ಮುಗಿಯುವ ಮೊದಲು ಕೇಳಿ ಬರೆದುಕೊಳ್ಳುವುದು, ಒಂದು ಮರಿಯನ್ನಾದರೂ ನೆಟ್ಟು ಅದರಂತೆ ಸಾಕಿ ನೋಡುವುದು ನಮ್ಮಿಂದಾಗುವ ಕೆಲಸ.